ನೆಟ್ಟಣದಲ್ಲಿ ತುಳು ಕಲಿತದ್ದು

ಸಕಲೇಶಪುರದಿಂದ ಘಾಟಿ ಇಳಿದು ಬರುವ ರೈಲು ‘ಸುಬ್ರಹ್ಮಣ್ಯ ರೋಡ್’ ಎಂಬ ಬೋರ್ಡಿನ ಮುಂದೆ ನಿಲ್ಲುತ್ತದಲ್ಲ, ಆ ಊರೇ ನೆಟ್ಟಣ. ಯಾತ್ರಿಕರು ಇಲ್ಲಿ ಇಳಿದು ಕುಕ್ಕೆಯ ದಾರಿ ಹಿಡಿಯುತ್ತಾರೆ. ನಾವು ಇಳಿದವರು ಇಲ್ಲೇ ಉಳಿದೆವು. ಗೇಜ್ ಬದಲಾವಣೆಗೆಂದು 1996ರಲ್ಲಿ ನಿಂತಿದ್ದ ಘಾಟಿಯ ರೈಲು ಮತ್ತೆ ಪ್ರಯಾಣಿಕರನ್ನು ಹೊತ್ತು ಓಡತೊಡಗಿದ್ದು 2007ರ ಡಿಸೆಂಬರಿನಲ್ಲಿ. ಮರುವರ್ಷ ಅಪ್ಪನ ಕೆಲಸದ ನಿಮಿತ್ತ ಅರಸೀಕೆರೆ ಕಡೆಯಿಂದ ಪಾತ್ರೆ ಪಗಡ ಕಟ್ಟಿಕೊಂಡು ಬಂದೆವು. ಆಗ ಇದು ಪುತ್ತೂರು ತಾಲೂಕು, ಈಗ ಕಡಬ. ಜಿಲ್ಲೆಯ ಹೆಸರಲ್ಲೇ ಕನ್ನಡವಿದೆ, ಭಾಷೆಗೇನೂ ತೊಂದರೆಯಿಲ್ಲ ಎಂದು ಊರಿನವರು ಧೈರ್ಯ ಹೇಳಿ ಕಳಿಸಿದ್ದರು.

‘ಇದೆ’ ಎಂಬ ಒಂದು ಮಾತನ್ನೇ ತೆಗೆದುಕೊಳ್ಳಿ. ಇಲ್ಲಿಯ ಕನ್ನಡದಲ್ಲಿ ಅದು ‘ಉಂಟು’. ತುಳುವಿನಲ್ಲಿ ‘ಉಂಡು’. ಗೌಡರ ಅರೆಭಾಷೆಯಲ್ಲಿ ‘ಉಟ್ಟು’. ಹವ್ಯಕರ ಮನೆಯಲ್ಲಿ ‘ಇದ್ದು’. ನಮ್ಮ ಕಿವಿಗೆ ಊರೆಲ್ಲ ಬೆಳಗಿನಿಂದ ಸಂಜೆಯವರೆಗೆ ಉಣ್ಣುವ ಉಡುವ ಮಾತನ್ನೇ ಆಡುತ್ತಿದ್ದಂತೆ ಕೇಳುತ್ತಿತ್ತು. ಇವುಗಳ ಜೊತೆಗೆ ಅಂಗಡಿಯ ಕಾಕನ ಬ್ಯಾರಿ, ಕೇರಳದಿಂದ ಬಂದು ರಬ್ಬರ್ ಹಾಕಿದವರ ಮಲಯಾಳ, 1964ರ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿ ರಬ್ಬರ್ ತೋಟಗಳಲ್ಲಿ ನೆಲೆಸಿದವರ ತಮಿಳು. ಇಷ್ಟು ಭಾಷೆಯವರು ಒಂದು ಬಸ್ಸಿನಲ್ಲಿ ಕೂತರೆ ಮಾತು ತುಳುವಿಗೇ ಬಂದು ನಿಲ್ಲುತ್ತಿತ್ತು.

ಹಾಗಾದರೆ ತುಳು ಕಲಿತರಾಯಿತು ಎಂದುಕೊಂಡೆವು. ಕಷ್ಟ ಇದ್ದದ್ದೇ ಅಲ್ಲಿ. ನಾವು ಬಾಯಿ ತೆರೆಯುವಷ್ಟರಲ್ಲಿ ಎದುರಿನವರು ಕನ್ನಡಕ್ಕೆ ಹೊರಳುತ್ತಿದ್ದರು, ಅದೂ ಪಾಠಪುಸ್ತಕದಂಥ ಶುದ್ಧ ಕನ್ನಡಕ್ಕೆ! ಸ್ವೀಡನ್ನಿಗೆ ಕೆಲಸಕ್ಕೆ ಹೋದ ನಮ್ಮ ನೆಂಟರ ಹುಡುಗನೂ ಇದನ್ನೇ ಹೇಳುತ್ತಾನೆ. ಕಷ್ಟಪಟ್ಟು ಒಂದು ವಾಕ್ಯ ಸ್ವೀಡಿಷ್ ಜೋಡಿಸಿ ಹೇಳಿದರೆ ಅಂಗಡಿಯವರು ನಗುತ್ತ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರಂತೆ. ಮರ್ಯಾದೆಯೇನೋ ಹೌದು. ಆದರೆ ಆ ಮರ್ಯಾದೆಯಲ್ಲಿ ನಾವು ವರ್ಷಗಟ್ಟಲೆ ನೆಂಟರಾಗಿಯೇ ಉಳಿಯಬೇಕಾಗುತ್ತದೆ. ಅಮ್ಮನಿಗೆ ಇದು ಹೆಚ್ಚು ತಾಗಿತು. ಪಕ್ಕದ ಮನೆಯ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತ ನಗುತ್ತಿರುತ್ತಿದ್ದರು. ಅಮ್ಮ ಹೋದ ಕೂಡಲೇ ನಗು ನಿಂತು, ‘ಊಟ ಆಯಿತೇ?’ ಎಂಬ ಕನ್ನಡ ಬರುತ್ತಿತ್ತು.

ತಂಗಿಗೆ ಮಾತ್ರ ಈ ಮರ್ಯಾದೆ ಸಿಗಲಿಲ್ಲ. ಶಾಲೆಯ ಮಕ್ಕಳು ಅವಳನ್ನು ತುಳುವಿನಲ್ಲೇ ಬೈದು, ತುಳುವಿನಲ್ಲೇ ಆಟಕ್ಕೆ ಕರೆದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಮನೆಗೆ ದುಭಾಷಿಯಾಗಿದ್ದಳು.

ಅಪ್ಪ ಅವಳಿಂದ ಎರಡು ಪದ ಕಲಿತರು: ‘ಎಂಕ್’ ಎಂದರೆ ನನಗೆ, ‘ಬೋಡು’ ಎಂದರೆ ಬೇಕು. ನಡುವೆ ಕನ್ನಡ ಸೇರಿಸಿದರೆ ನಡೆಯುತ್ತದೆ ಎಂಬುದು ಅವರ ಲೆಕ್ಕ. ನೇರ ಕಾಕನ ಅಂಗಡಿಗೆ ಹೋಗಿ, ‘ಎಂಕ್ ಕಲಿ ಬೋಡು’ ಎಂದರು. ಕಲಿಯಬೇಕು ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ತುಳುವಿನಲ್ಲಿ ಕಲಿ ಎಂದರೆ ಹೆಂಡ. ಕಾಕ ಗಂಭೀರವಾಗಿ, ‘ಅದು ನಮ್ಮ ಅಂಗಡಿಯಲ್ಲಿ ಇಡುವುದಿಲ್ಲ ಮಾರಾಯ್ರೆ’ ಎಂದರಂತೆ. ನಮ್ಮನ್ನು ನೋಡಲು ಬಂದ ಚಿಕ್ಕಪ್ಪನನ್ನು ಆಟೋದವರು ‘ಇಲ್ಲ್ ಓಲು?’ ಎಂದು ಕೇಳಿದರು. ಮನೆ ಎಲ್ಲಿ ಎಂದು ಅದರ ಅರ್ಥ. ಚಿಕ್ಕಪ್ಪನಿಗೆ ‘ಇಲ್ಲ’ ಎಂಬುದಷ್ಟೇ ಕೇಳಿಸಿ, ‘ಇದೆ, ಇದೆ, ದುಡ್ಡು ಇದೆ’ ಎಂದು ಜೇಬು ಮುಟ್ಟಿ ತೋರಿಸಿದರು.

ಅಕ್ಷರ ನಂಬಿ ತುಳು ಕಲಿಯುವುದೂ ಕಷ್ಟವೇ. ‘ಬತ್ತೆ’ ಎಂದರೆ ನಾನು ಬಂದೆ, ‘ಬತ್ತೆ’ ಎಂದರೆ ಅವನು ಬಂದ. ವ್ಯತ್ಯಾಸವೆಲ್ಲ ಕೊನೆಯ ಸ್ವರದಲ್ಲಿ. ಬಾಯಿ ತುಸು ಹೆಚ್ಚು ತೆರೆದರೆ ನಾನು, ಕಡಿಮೆ ತೆರೆದರೆ ಅವನು. ನಮ್ಮ ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಏತ್ವ. ಇಂಥ ಭಾಷೆಗೆ ಬಾಸೆಲ್ ಮಿಶನ್ನಿನ ಬ್ರಿಗೆಲ್ 1872ರಲ್ಲಿ ವ್ಯಾಕರಣ ಬರೆದರು, ಮ್ಯಾನರ್ 1886ರಲ್ಲಿ ನಿಘಂಟು ತಂದರು. ಕಡಲಾಚೆಯಿಂದ ಬಂದವರು ಅಷ್ಟು ಮಾಡಿರುವಾಗ ಘಾಟಿಯಾಚೆಯವರು ಮಾಡಲಾರೆವೇ ಎಂದು ಅಪ್ಪ ಆಗಾಗ ಹೇಳುವುದುಂಟು. ಹೆಂಡದ ಪ್ರಸಂಗ ನೆನಪಿಸಿದರೆ ಸುಮ್ಮನಾಗುತ್ತಾರೆ.

ಕೊನೆಯವರೆಗೂ ನಮ್ಮನ್ನು ಕಾಡಿದ್ದು ‘ನಾವು’. ಕನ್ನಡದಲ್ಲಿ ಒಂದೇ ನಾವು. ಕೇಳುವವನೂ ಅದರೊಳಗೆ ಇದ್ದಾನೋ ಹೊರಗೋ ಎಂದು ಅದು ಹೇಳುವುದಿಲ್ಲ. ತುಳುವಿನಲ್ಲಿ ಎರಡಿವೆ. ‘ನಮ’ ಎಂದರೆ ನೀವೂ ಸೇರಿ ನಾವು. ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. ಮಲಯಾಳದಲ್ಲೂ ಹೀಗೆಯೇ. ಇದು ತಿಳಿದ ಮೇಲೆ ಅಮ್ಮ ನೆರೆಯ ಅಕ್ಕನ ಪ್ರತಿಯೊಂದು ಮಾತನ್ನೂ ತೂಗಿ ನೋಡತೊಡಗಿದರು. ‘ಎಂಕುಲು’ ಎಂದು ಕೇಳಿದ ದಿನ ಮುಖ ಸಪ್ಪಗಾಗುತ್ತಿತ್ತು. ‘ನಮ ಪೋಯಿ’, ಅಂದರೆ ನಾವು ಹೋಗೋಣ ಎಂದು ಅಕ್ಕ ಸಂತೆಗೆ ಕರೆದ ದಿನ ಅಡುಗೆಮನೆಯಲ್ಲಿ ಹಾಡು ಕೇಳುತ್ತಿತ್ತು. ‘ನಮ’ ಸಿಕ್ಕಿತು, ಇನ್ನು ಚಿಂತೆಯಿಲ್ಲ ಎಂದು ನಾವೂ ನಂಬಿದ್ದೆವು. ತಂಗಿಯೇ ಅದಕ್ಕೆ ತಣ್ಣೀರು ಹಾಕಿದಳು. ‘ಬಸ್ಸಿನ ಕಂಡಕ್ಟರನಿಗೂ ನಮ ಎನ್ನುತ್ತಾರಮ್ಮ, ಎದುರಿಗಿದ್ದವರಿಗೆಲ್ಲ ಅದು ಸಿಗುತ್ತದೆ.’

ಮಾತು ನಿಜವೇ. ಎದುರಿಗೆ ನಿಂತು ಕೇಳುವವರೆಗೆ ಯಾವ ‘ನಾವು’ ಬಂದರೂ ನಾವು ಕೇಳುಗರೇ.

ನಾಲ್ಕನೆಯ ವರ್ಷದ ಆಟಿ ತಿಂಗಳು. ಮರ ಬಿದ್ದು ನಮ್ಮ ಓಣಿಯ ಮೂರು ಮನೆಗಳಿಗೆ ಕರೆಂಟ್ ಇರಲಿಲ್ಲ. ಹೊಸದಾಗಿ ಬಂದಿದ್ದ ಲೈನ್‌ಮನ್ ಮಳೆಯಲ್ಲಿ ನೆನೆಯುತ್ತ ರಸ್ತೆಯಲ್ಲಿ ನಿಂತಿದ್ದ. ಅಕ್ಕ ಮತ್ತು ಅಮ್ಮ ಒಂದೇ ಕೊಡೆಯಡಿ ಅವನ ಬಳಿ ಹೋದರು. ‘ಎಂಕ್ಲೆಗ್ ಮೂಜಿ ದಿನೊಡ್ದು ಕರೆಂಟ್ ಇಜ್ಜಿ’ ಎಂದರು ಅಕ್ಕ. ನಮಗೆ ಮೂರು ದಿನದಿಂದ ಕರೆಂಟಿಲ್ಲ. ಈ ಬಾರಿ ‘ಎಂಕುಲು’ವಿನ ಹೊರಗೆ ನಿಂತವನು ಲೈನ್‌ಮನ್. ಅಮ್ಮ ಇದ್ದದ್ದು ಕೊಡೆಯೊಳಗೆ.

ಲೈನ್‌ಮನ್ ಅಮ್ಮನತ್ತ ತಿರುಗಿ, ‘ಈರೆನ ಇಲ್ಲ್ ಒವು?’ ಎಂದು ಕೇಳಿದ. ನಿಮ್ಮ ಮನೆ ಯಾವುದು? ಕನ್ನಡಕ್ಕೆ ಹೊರಳುವ ಯೋಚನೆಯೇ ಅವನಿಗೆ ಬರಲಿಲ್ಲ. ಅಮ್ಮ ಕೈ ಚಾಚಿ ತೋರಿಸಿ, ‘ಅವು ಎಂಕ್ಲೆನ ಇಲ್ಲ್’ ಎಂದರು.