ತಲೆಯ ಮೇಲಿನ ಬಟ್ಟೆ

ಸಹೋದರಿಯರೇ, ಜೀಪು, ಕಾರು, ಪಿಕಪ್ ಗಾಡಿಗಳಲ್ಲಿ ನೀವು ಎಷ್ಟೋ ಸಲ ಕುಳಿತಿರುತ್ತೀರಿ. ಒಮ್ಮೆಯಾದರೂ ತಲೆಯೆತ್ತಿ ಅದರ ಒಳಛಾವಣಿಯನ್ನು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಮದುವೆಯಾಗಿ ಬಬಲೇಶ್ವರಕ್ಕೆ ಬರುವವರೆಗೂ ತಿಕೋಟಾದಲ್ಲಿ ಅಬ್ಬಾನ ಗಾಡಿಯಲ್ಲೇ ಓಡಾಡಿದವಳು ನಾನು. ಅದರ ಹಾರ್ನಿನ ಸದ್ದು, ಸೀಟಿನ ಹರಿದ ಮೂಲೆ, ಗೇರು ಹಾಕುವಾಗ ಮೊಣಕಾಲಿಗೆ ತಾಗುವ ಗುಂಡು ಎಲ್ಲವೂ ನೆನಪಿದೆ. ಛಾವಣಿ ಮಾತ್ರ ನೆನಪಿಲ್ಲ. ಅದು ಉದುರತೊಡಗಿದ ಮೇಲೆಯೇ ಅಲ್ಲೊಂದು ಬಟ್ಟೆ ಇದೆಯೆಂದು ನನಗೆ ತಿಳಿದದ್ದು.

ಗಾಡಿ ಎಂದರೆ ಟಾಟಾ ಮೊಬೈಲ್. ಟಾಟಾ ಕಂಪನಿ 1988ರಲ್ಲಿ ಮಾರುಕಟ್ಟೆಗೆ ತಂದ ಪಿಕಪ್. ಮುಂದೆ ಕಾರಿನಂಥ ಕ್ಯಾಬಿನ್, ಹಿಂದೆ ಸರಕು ಹೇರುವ ಜಾಗ. ನಮ್ಮ ಮನೆಯಲ್ಲಿ ‘ಮೊಬೈಲ್’ ಎಂಬ ಮಾತು ಫೋನಿಗಿಂತ ಎಷ್ಟೋ ಮೊದಲು ಗಾಡಿಗೆ ಸೇರಿದ್ದು. ಆಮೇಲೆ ಫೋನೂ ಬಂದಾಗ ದಾದಿ “ಮೊಬೈಲ್ ಎಲ್ಲಿ?” ಎಂದರೆ ಒಬ್ಬರು ಜೇಬು ಮುಟ್ಟಿಕೊಳ್ಳುತ್ತಿದ್ದರು, ಇನ್ನೊಬ್ಬರು ಅಂಗಳಕ್ಕೆ ಹೋಗಿ ನೋಡುತ್ತಿದ್ದರು.

ಅಬ್ಬಾ ಅದನ್ನು 1998ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ತಿಕೋಟಾ ಸುತ್ತಮುತ್ತ ದ್ರಾಕ್ಷಿ ತೋಟಗಳು. ಬೇಸಿಗೆಯ ಹೊತ್ತಿಗೆ ಹಸಿ ದ್ರಾಕ್ಷಿಯ ಪೆಟ್ಟಿಗೆಗಳು, ಆಮೇಲೆ ಶೆಡ್ಡುಗಳಲ್ಲಿ ಒಣಗಿಸಿದ ಮಣೂಕ. ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಕೆಲವೊಮ್ಮೆ ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಯವರೆಗೂ ಅಬ್ಬಾ ಸರಕು ಸಾಗಿಸಿದರು. ನಾವು ನಾಲ್ಕು ಮಕ್ಕಳು ಓದಿದ್ದು, ಮೂವರು ಹೆಣ್ಣುಮಕ್ಕಳ ಮದುವೆ ಆದದ್ದು, ಎಲ್ಲವೂ ಆ ಗಾಡಿಯ ದುಡಿಮೆಯಿಂದ.

2022ರ ಡಿಸೆಂಬರಿನಲ್ಲಿ ಅಬ್ಬಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಅರ್ಧಂಬರ್ಧ. ವಾರಕ್ಕೆ ಎರಡು ಸಲ ವಿಜಯಪುರಕ್ಕೆ ಫಿಜಿಯೋಥೆರಪಿಗೆ ಕರೆದೊಯ್ಯಬೇಕಾಗಿತ್ತು. ಬಸ್ಸು ಹತ್ತಿಸಲಾಗದು. ತಮ್ಮ ಅದೇ ಗಾಡಿಯನ್ನು ಓಡಿಸುತ್ತಿದ್ದ. ಎಡಗಡೆಯ ಬಾಗಿಲ ಪಕ್ಕ ಅಬ್ಬಾ, ನಡುವೆ ಅಮ್ಮಿ. ನಾನು ಬಬಲೇಶ್ವರದಿಂದ ಹೋದ ದಿನ ಅಮ್ಮಿಯ ಜಾಗದಲ್ಲಿ ನಾನು. ಕತ್ತಿನ ಹಿಂದೆ ದಿಂಬು ಇಟ್ಟರೆ ಅವರ ತಲೆ ಹಿಂದಕ್ಕೆ ವಾಲುತ್ತಿತ್ತು. ಇಪ್ಪತ್ತೈದು ವರ್ಷ ಆ ಗಾಡಿಯಲ್ಲಿ ರಸ್ತೆಯನ್ನೇ ನೋಡಿದ ಮನುಷ್ಯ ಈಗ ದಾರಿಯುದ್ದಕ್ಕೂ ಛಾವಣಿ ನೋಡುತ್ತಿದ್ದರು.

ಆ ಛಾವಣಿಯೋ! ಬಟ್ಟೆ ನಡುವಿನಲ್ಲಿ ಹಸುವಿನ ಕೆಚ್ಚಲಿನಂತೆ ಜೋತುಬಿದ್ದಿತ್ತು. ಗಾಡಿ ಹೊಂಡಕ್ಕೆ ಇಳಿದಾಗಲೆಲ್ಲ ಅಂಚಿನಿಂದ ಹಳದಿ ಪುಡಿ ಉದುರುತ್ತಿತ್ತು. ಒಂದು ದಿನ ಅದು ಅಬ್ಬಾನ ತೆರೆದ ಕಣ್ಣಿಗೇ ಬಿತ್ತು. ಬಲಗೈ ಏಳದು. ಎಡಗೈ ಬಾಗಿಲ ಹಿಡಿಯನ್ನು ಹಿಡಿದಿತ್ತು, ಬಿಟ್ಟರೆ ಅವರು ವಾಲಿಬಿಡುತ್ತಿದ್ದರು. ನಾನು ದುಪಟ್ಟಾದ ತುದಿಯಿಂದ ಒರೆಸಿದೆ. ನೀರು ಪುಡಿಯಿಂದ ಬಂತೋ ಬೇರೆಯದಕ್ಕೋ, ನಾನು ಕೇಳಲಿಲ್ಲ.

ತಮ್ಮನಿಗೆ ಹೇಳಿದೆ. “ಆಪಾ, ಇದಕ್ಕೆ ಇನ್ನು ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಗುಜರಿಯವನು ಬಂದು ನೋಡಿ ಹೋಗಿದ್ದಾನೆ” ಎಂದ. ಅವನ ಮೇಲೆ ತಪ್ಪು ಹೊರಿಸಲಾರೆ. ಹದಿನೈದು ವರ್ಷ ದಾಟಿದ ಗಾಡಿಗಳ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಬಹಳ ಏರಿಸಿತ್ತು. ಸರಕು ಗಾಡಿ ಹಳೆಯದಾದರೆ ವರ್ಷವರ್ಷವೂ ಎಫ್‌ಸಿ ಮಾಡಿಸಬೇಕು. ಬಾಡಿಗೆಯೂ ಕಡಿಮೆ. ಅವನಿಗೂ ಎರಡು ಮಕ್ಕಳು.

ಹಾಗಾದರೆ ನಾನೇ ಮಾಡುತ್ತೇನೆ ಅಂದುಕೊಂಡೆ. ಹದಿನಾರು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ಬುರ್ಖಾ, ರವಿಕೆ, ಶಾಲೆಯ ಯೂನಿಫಾರ್ಮ್ ಎಲ್ಲವೂ. ಒಂದು ಬಟ್ಟೆಯನ್ನು ಮೇಲಕ್ಕೆ ಅಂಟಿಸುವುದು ಏನು ಮಹಾ? ಮೊದಲು ಸೇಫ್ಟಿ ಪಿನ್ನು ಚುಚ್ಚಿದೆ. ಜೋತುಬಿದ್ದ ಒಂದು ಕೆಚ್ಚಲು ನಾಲ್ಕಾಯಿತು. ಮುಂದಿನ ಸಲ ಅಂಟಿನ ಡಬ್ಬಿ ತಂದು, ಬಟ್ಟೆಯನ್ನು ಬಿಡಿಸಿ ಹಿಂಬದಿಗೆ ಹಚ್ಚಿ ಒತ್ತಿದೆ. ಬೆಳಿಗ್ಗೆ ಚೆನ್ನಾಗಿ ಕಂಡಿತು. ಏಪ್ರಿಲ್ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತಲ್ಲ, ಲುಹರ್ ಹೊತ್ತಿಗೆ ಇಡೀ ಬಟ್ಟೆ ತಮ್ಮನ ತಲೆಯ ಮೇಲೆ ಬಿದ್ದಿತ್ತು.

ಸೋತು, ವಿಜಯಪುರದಲ್ಲಿ ಒಂದು ಕುಶನ್ ಅಂಗಡಿಗೆ ಹೋದೆ. ಮಾಲೀಕರು ವಯಸ್ಸಾದ ಚಾಚಾ. ಕೆಲಸಕ್ಕೆ ನಾಲ್ಕೂವರೆ ಸಾವಿರ ಹೇಳಿದರು. ನನ್ನ ಮುಖ ನೋಡಿಯೋ ಏನೋ, ಬಿದ್ದ ಬಟ್ಟೆಯ ತುಂಡನ್ನು ಕೈಗೆ ತೆಗೆದುಕೊಂಡು ಹಿಂಬದಿಯನ್ನು ಉಜ್ಜಿ ತೋರಿಸಿದರು. ಬೆರಳಿಗೆ ಅದೇ ಹಳದಿ ಪುಡಿ. “ಬೇಟಿ, ಅಂಟು ಬಿಟ್ಟಿಲ್ಲ. ನಡುವಿನ ಸ್ಪಂಜು ಸತ್ತಿದೆ. ಸತ್ತದ್ದರ ಮೇಲೆ ನೀನು ಎಷ್ಟು ಅಂಟು ಹಚ್ಚಿದರೂ ಅದು ಪುಡಿಗೇ ಅಂಟುತ್ತದೆ.”

ಅಲ್ಲಿ ನನಗೆ ಕೆಲಸ ಅರ್ಥವಾಯಿತು. ರೂಫ್ ಲೈನಿಂಗ್ ಎನ್ನುವುದು ಬರೀ ಬಟ್ಟೆಯಲ್ಲ. ಬಟ್ಟೆಯ ಬೆನ್ನಿಗೆ ತೆಳು ಸ್ಪಂಜು, ಸ್ಪಂಜಿನ ಬೆನ್ನಿಗೆ ಅಂಟು, ಅದರ ಮೇಲೆ ಹಲಗೆ. ಕಾದ ತಗಡಿನ ಕೆಳಗೆ ವರ್ಷಾನುಗಟ್ಟಲೆ ಬೆಂದು ಆ ಸ್ಪಂಜು ಹಿಟ್ಟಾಗುತ್ತದೆ. ಹಾಗಾದರೆ ಸ್ಪಂಜಿಲ್ಲದ ದಪ್ಪ ಪರದೆ ಬಟ್ಟೆ ಹಾಕಿದರಾಗದೇ ಎಂದು ಕೇಳಿದೆ. ಅಂಟು ಬಟ್ಟೆಯ ಮುಖಕ್ಕೆ ಇಳಿದು ಎಣ್ಣೆ ಕಲೆಯಂತೆ ಕಾಣುತ್ತದೆ, ಹಲಗೆಯ ಒಂದೊಂದು ತರಿಯೂ ಎದ್ದು ತೋರುತ್ತದೆ ಎಂದರು. ಹಳೆಯ ಕೌದಿಯನ್ನು ತಗಡಿನ ಕೆಳಗೆ ಒತ್ತಿದರೆ ತಂಪಾದೀತೇ ಎಂದೂ ಕೇಳಿದೆ. ಅದಕ್ಕೂ ಬೇಡ ಎಂದರು. ಹತ್ತಿ ನೀರು ಹಿಡಿಯುತ್ತದೆ, ತಗಡು ತುಕ್ಕು ತಿನ್ನುತ್ತದೆ. ಪತ್ರಾಸ್ ಛಾವಣಿಯ ಕೆಳಗೆ ಹಾಕುವ ಬೆಳ್ಳಿ ಬಣ್ಣದ ಫೋಮ್ ಹಾಳೆ ಇದೆಯಲ್ಲ, ಅದನ್ನು ಅಂಟಿಸು ಎಂದರು. ಗಿರಾಕಿಯನ್ನು ಕಳೆದುಕೊಂಡು ಕೆಲಸ ಕಲಿಸಿದ ಆ ಮನುಷ್ಯನಿಗೆ ಅಲ್ಲಾಹನು ಒಳಿತು ಮಾಡಲಿ.

ಆ ದಿನ ಗಾಂಧಿ ಚೌಕದಲ್ಲಿ ಬಟ್ಟೆ ಕೊಂಡು ಹಿಂದಿರುಗುವಾಗ ಒಂದು ವಿಷಯ ನೆನಪಾಯಿತು. ನಗರದ ಪಶ್ಚಿಮಕ್ಕಿರುವ ಇಬ್ರಾಹಿಂ ರೌಜಾವನ್ನು ನೀವು ನೋಡಿರಬಹುದು. ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ ಅಲ್ಲಿದೆ, ಅವನು ತೀರಿಕೊಂಡದ್ದು 1627ರಲ್ಲಿ. ಹೊರಗಿನಿಂದ ಗುಮ್ಮಟ ಕಾಣುತ್ತದೆ. ಆದರೆ ಗೋರಿಯ ಕೋಣೆಯೊಳಗೆ ನಿಂತು ಮೇಲೆ ನೋಡಿದರೆ ಗುಮ್ಮಟ ಕಾಣುವುದಿಲ್ಲ. ಸುಮಾರು 40 ಅಡಿ ಚದರದ ಆ ಕೋಣೆಗೆ ಕಂಬವೇ ಇಲ್ಲದ ಚಪ್ಪಟೆ ಕಲ್ಲಿನ ಒಳಛಾವಣಿ, ಅದರ ಮೇಲೆ ಖಾಲಿ ಜಾಗ, ಆಮೇಲೆ ಗುಮ್ಮಟ. ಶಾಲೆಯ ಪ್ರವಾಸದಲ್ಲಿ ಹೋದಾಗ ಮೇಷ್ಟ್ರು ಅದನ್ನು ತೋರಿಸಿದರೂ ನಾವು ಗೋಡೆಯ ಬರಹ ನೋಡುತ್ತಾ ನಿಂತಿದ್ದೆವು. ಅವರಿಗೆ ಕಲ್ಲೇ ನಿಂತಿತ್ತು, ನನಗೆ ಬಟ್ಟೆ ನಿಲ್ಲುತ್ತಿರಲಿಲ್ಲ!

ಮೇ ತಿಂಗಳಲ್ಲಿ ಮಕ್ಕಳ ರಜೆಯಲ್ಲಿ ತವರಿಗೆ ಹೋದೆ. “ಮಾಡು, ಆದರೆ ಕೆಟ್ಟರೆ ನಿನ್ನ ತಮ್ಮನ ಮುಂದೆ ನನ್ನ ಹೆಸರು ಹೇಳಬೇಡ” ಎಂದು ಯಜಮಾನರು ಕಳುಹಿಸಿಕೊಟ್ಟರು. ಮೊದಲ ಕೆಲಸ ಹಳೆಯ ಹಲಗೆಯನ್ನು ಇಳಿಸುವುದು. ಬಿಸಿಲು ತಡೆಯುವ ಪಟ್ಟಿಗಳ ಸ್ಕ್ರೂ, ಅಂಚಿನ ಬೀಡಿಂಗ್, ನಡುವಿನ ಬಲ್ಬು ಎಲ್ಲವನ್ನೂ ತಮ್ಮ ಬಿಚ್ಚಿಕೊಟ್ಟ. ಬಲ್ಬಿನ ವೈರಿಗೆ ಟೇಪು ಸುತ್ತಿ ಮೇಲಕ್ಕೆ ಸಿಕ್ಕಿಸಿದ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡೇ ಇದನ್ನು ಮಾಡಬೇಕು, ಆ ಪುಡಿ ಎದೆಗೆ ಒಳ್ಳೆಯದಲ್ಲ. ಹಲಗೆಯ ಮುಂಭಾಗ ಕಪ್ಪಾಗಿ ಕೊಳೆತಿತ್ತು. ಮುಂಗಾಜಿನ ರಬ್ಬರಿನಿಂದ ಮಳೆನೀರು ಸೋರುತ್ತಿತ್ತು ಎಂದಾಯಿತು. ಕೊಡದಿಂದ ಗಾಜಿನ ಮೇಲೆ ನೀರು ಸುರಿದು, ಒಳಗೆ ಕುಳಿತು, ಹನಿ ಎಲ್ಲಿಂದ ಬರುತ್ತದೆ ಎಂದು ನೋಡಿ ಅದನ್ನು ಮೊದಲು ಮುಚ್ಚಿಸಿದೆವು. ಇಲ್ಲದಿದ್ದರೆ ಹೊಸದೂ ಎರಡೇ ಮಳೆಗಾಲ.

ಹೊಲಿಗೆ ಬಲ್ಲವರಿಗೆ ಒಂದು ಮಾತು. ಉಟ್ಟು ಜಗ್ಗಿದ ರವಿಕೆಯಿಂದ ಅಳತೆ ತೆಗೆಯುವುದಿಲ್ಲ ತಾನೆ? ಇಲ್ಲಿಯೂ ಹಾಗೆಯೇ. ಹಳೆಯ ಹಲಗೆಯ ಅಂಚುಗಳು ಉದುರಿ ಗಿಡ್ಡವಾಗಿದ್ದವು. ಸ್ಕ್ರೂ ತೂತು ಮತ್ತು ಬಲ್ಬಿನ ತೂತನ್ನು ಮಾತ್ರ ಅದರಿಂದ ತೆಗೆದುಕೊಂಡೆ. ಅಂಚಿಗೆ ದಿನಪತ್ರಿಕೆಯ ಹಾಳೆಗಳನ್ನು ಜೋಡಿಸಿ, ಕ್ಯಾಬಿನ್ನಿನ ಒಳಗೇ ಹಿಡಿದು, ಮೂಲೆಮೂಲೆಗೆ ಒತ್ತಿ ಪೇಪರ್ ಕಟಿಂಗ್ ಮಾಡಿದೆ. ನಡುವೆ ಮಡಚಿ ನೋಡಿದರೆ ಎಡಬಲ ಒಂದೇ ಆಗಿರಬೇಕು. ಕಾಲಿಂಚು ವ್ಯತ್ಯಾಸ ಬಂತು. ಗಾಡಿಯ ತಗಡೇ ಎಲ್ಲೋ ಗುದ್ದಿಸಿಕೊಂಡು ಒಂದು ಬದಿಗೆ ಬಾಗಿತ್ತು. ಅದನ್ನು ಸರಿಮಾಡಲು ಹೋಗಲಿಲ್ಲ. ಮೈ ಇದ್ದಂತೆ ಅಂಗಿ.

ಮೂರು ಮಿಲಿಮೀಟರ್ ಹಾರ್ಡ್‌ಬೋರ್ಡಿನ ಮೇಲೆ ಆ ಕಾಗದವನ್ನಿಟ್ಟು, ಬಟ್ಟೆ ಸುತ್ತುವ ದಪ್ಪಕ್ಕಾಗಿ ಅಂಚಿನಲ್ಲಿ ಒಂದು ಕೂದಲಷ್ಟು ಕಡಿಮೆ ಮಾಡಿ ಕೊಯ್ಯಿಸಿದೆ. ಛಾವಣಿಗೆ ಬಾಗು ಬೇಕು, ಹಲಗೆಯೋ ಸಪಾಟು. ಒಣ ಹಲಗೆ ಬಾಗಿಸಿದರೆ ಮುರಿಯುತ್ತದೆ. ಒರಟು ಬದಿಯ ಮೇಲೆ ಒದ್ದೆ ಗೋಣಿ ಹಾಸಿ, ಎರಡು ತುದಿಗೆ ಇಟ್ಟಿಗೆ ಕೊಟ್ಟು, ನಡುವೆ ರುಬ್ಬುವ ಗುಂಡು ಇಟ್ಟು ರಾತ್ರಿ ಬಿಟ್ಟೆವು. ಮರುದಿನ ಗೋಣಿ ತೆಗೆದು ಹಾಗೆಯೇ ಬಿಸಿಲಿಗೆ ಒಣಗಿಸಿದರೆ ಬಾಗು ಉಳಿಯಿತು. ಬಟ್ಟೆ ಹಚ್ಚುವ ಮೊದಲು ಬರಿ ಹಲಗೆಯನ್ನು ಒಮ್ಮೆ ಒಳಗೆ ಕೂರಿಸಿ ನೋಡಿದೆವು. ಹೀಗೆ ನೋಡಿದ್ದು ಒಳ್ಳೆಯದಾಯಿತು, ಒಂದು ಮೂಲೆ ಇನ್ನೂ ಕೆರೆಯಬೇಕಿತ್ತು.

ಅಂಟಿನ ಕೆಲಸಕ್ಕೆ ಫಜರ್ ನಂತರದ ತಂಪು ಹೊತ್ತೇ ಸರಿ. ನಮ್ಮ ಬಿಸಿಲಿಗೆ ಅದು ಬಟ್ಟೆ ಹಾಸುವ ಮೊದಲೇ ಒಣಗಿಬಿಡುತ್ತದೆ. ಅದರ ವಾಸನೆ ತಲೆಗೇರುತ್ತದೆ, ಬೆಂಕಿಯೂ ಹತ್ತುತ್ತದೆ. ಅಂಗಳದಲ್ಲೇ ಮಾಡಿ, ಒಲೆಯಿಂದ ದೂರ, ಮಕ್ಕಳನ್ನು ಒಳಗೆ ಕಳುಹಿಸಿ. ಶಾಖ ತಡೆಯುವ ಅಂಟನ್ನೇ ಕೇಳಿ ತರಬೇಕು. ಬಟ್ಟೆಯ ಬೆನ್ನಿಗೂ ಹಲಗೆಗೂ ಎರಡಕ್ಕೂ ತೆಳ್ಳಗೆ ಹಚ್ಚಿ, ಬೆರಳು ತಾಗಿಸಿದರೆ ಅಂಟದಷ್ಟು ಆರಿದ ಮೇಲೆ ಜೋಡಿಸಬೇಕು. ಜೋಡಿಸಿದ ಮೇಲೆ ಕಿತ್ತು ಸರಿಮಾಡುವ ಮಾತಿಲ್ಲ. ಅದಕ್ಕೇ ಅರ್ಧ ಬಟ್ಟೆಯನ್ನು ಮಡಚಿಟ್ಟು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತಾ ಹೋದೆ, ಆಮೇಲೆ ಇನ್ನರ್ಧ. ಜೋರಾಗಿ ಒತ್ತಿದರೆ ಸ್ಪಂಜು ಅಲ್ಲೇ ಕುಗ್ಗಿ ಗುಳಿ ಬೀಳುತ್ತದೆ. ಅಂಚಿನಲ್ಲಿ ಎರಡಿಂಚು ಬಿಟ್ಟು, ಗುಂಡು ಕತ್ತಿನ ರವಿಕೆಗೆ ಮಾಡುವಂತೆ ಮೂಲೆಗಳಲ್ಲಿ ಕತ್ತರಿ ಕೊಟ್ಟು ಹಿಂದಕ್ಕೆ ಮಡಚಿದೆ. ತಿಳಿಬೂದು ಬಣ್ಣ. ಒಂದು ಸುಕ್ಕು ಇರಲಿಲ್ಲ. ಒಟ್ಟು ಖರ್ಚು ಸಾವಿರದ ಎಂಟುನೂರ ಐವತ್ತು.

ತಗಡಿಗೆ ಬೆಳ್ಳಿ ಹಾಳೆ ಅಂಟಿಸಿ, ಹಲಗೆಯನ್ನು ಓರೆಯಾಗಿ ಬಾಗಿಲಿನಿಂದ ತೂರಿಸಿ, ಮೇಲಕ್ಕೆ ಒತ್ತಿ ಹಿಡಿದು ಸ್ಕ್ರೂ ಹಾಕಿದ್ದು ತಮ್ಮ. ಪಕ್ಕದ ತೋಟದವರು ಹಾಯ್ದುಹೋಗುವಾಗ ಇಣುಕಿ, “ಏನ್ರೀ ಸಾಹೇಬ್ರ, ಗಾಡಿಗೆ ಹೊಸಾ ಅಂಗಿ ಹೊಲಿಸೀರಲ್ರೀ!” ಎಂದು ಹೊರಗೆ ಕುರ್ಚಿಯಲ್ಲಿದ್ದ ಅಬ್ಬಾಗೆ ಕೂಗಿ ಹೇಳಿದರು. ತಮ್ಮ ಏನೂ ಹೇಳಲಿಲ್ಲ. ಆದರೆ ಸಂಜೆ ಗಾಡಿ ತೊಳೆದ.

ಮರುದಿನ ನಾಲ್ಕು ಗಂಟೆಗೆ ವಿಜಯಪುರದಲ್ಲಿ ಫಿಜಿಯೋಥೆರಪಿ. ಅಬ್ಬಾನನ್ನು ಹತ್ತಿಸಿ, ದಿಂಬು ಇಟ್ಟು, ನಾನು ನಡುವೆ ಕುಳಿತೆ. ಅವರು ಮೇಲೆ ನೋಡತೊಡಗಿದರು. ಗಿರಾಕಿ ಹೊಸ ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತಾಗ ದರ್ಜಿಯ ಎದೆ ಹೇಗೆ ಬಡಿಯುತ್ತದೆ ಎಂಬುದು ಹೊಲಿಯುವ ನಿಮಗೆ ಗೊತ್ತು. ಗಾಡಿ ಹೊರಡುವ ಮೊದಲು ಅವರ ಎಡಗೈ ಬಾಗಿಲ ಹಿಡಿಯನ್ನು ಬಿಟ್ಟು ನಿಧಾನವಾಗಿ ಮೇಲೆದ್ದಿತು. ಒಂದು ಬೆರಳು ಛಾವಣಿಯ ನಡುವೆ ಒತ್ತಿತು. ಬಟ್ಟೆ ಹಿಟ್ಟಿನಂತೆ ಒಳಗೆ ಹೋಯಿತು.

“ಬ... ಬತ್ತಿ” ಎಂದರು.

ಹಲಗೆಯಲ್ಲಿ ಬಲ್ಬಿನ ತೂತನ್ನು ಅಷ್ಟು ಜೋಪಾನವಾಗಿ ಕೊಯ್ಯಿಸಿದ್ದೆ, ಬಟ್ಟೆಯನ್ನು ಮಾತ್ರ ಅದರ ಮೇಲೆ ಸಲೀಸಾಗಿ ಹಾಸಿಬಿಟ್ಟಿದ್ದೆ! ತಮ್ಮ ಸ್ಟಿಯರಿಂಗ್ ಬಡಿದು ಬಡಿದು ನಕ್ಕ. ಅಬ್ಬಾನ ತುಟಿಯ ಎಡತುದಿಯೂ ಮೇಲೇರಿತ್ತು.

ಅವರು ಒಳಗೆ ವ್ಯಾಯಾಮ ಮಾಡುತ್ತಿದ್ದಾಗ ನಾನು ಹೊರಗೆ ಗಾಡಿಯಲ್ಲಿ ಕುಳಿತು, ತೂತಿನ ನಡುವಿನಿಂದ ಬ್ಲೇಡಿನಲ್ಲಿ ನಕ್ಷತ್ರದಂತೆ ಕೊಯ್ದು, ಎಸಳುಗಳನ್ನು ಹಿಂದಕ್ಕೆ ಮಡಚಿ ಅಂಟಿಸಿದೆ. ತಮ್ಮ ವೈರು ಎಳೆದು ಬಲ್ಬು ಕೂರಿಸಿದ. ಗುಜರಿಯ ಮಾತು ಮುಗಿದಿದೆ ಎಂದು ನಾನು ಹೇಳಲಾರೆ, ಅದು ಪ್ರತಿ ಎಫ್‌ಸಿ ಹೊತ್ತಿಗೆ ಏಳುತ್ತದೆ.

ಹಿಂದಿರುಗುವಾಗ ಮಗ್ರಿಬ್ ಆಗಿತ್ತು. ಅಥಣಿ ರಸ್ತೆಗೆ ಬಂದ ಮೇಲೆ ತಮ್ಮ, “ಒಳಗಿನ ದೀಪ ಆರಿಸು ಆಪಾ, ಗಾಜಿನಲ್ಲಿ ಹೊಳೆದು ರಸ್ತೆ ಕಾಣುವುದಿಲ್ಲ” ಎಂದ. ನಾನು ಕೈಯೆತ್ತಿದೆ. ಅಬ್ಬಾ ನನ್ನ ಮಣಿಕಟ್ಟು ಹಿಡಿದರು. ತಮ್ಮ ವೇಗ ತಗ್ಗಿಸಿದ. ತಿಕೋಟಾ ತಲುಪುವವರೆಗೂ ದೀಪ ಉರಿಯುತ್ತಲೇ ಇತ್ತು.