ಒಂದೇ ಗೆರೆ

ನಿವೃತ್ತಿಯ ತರುವಾಯ ಕೆಟ್ಟ ಯಂತ್ರಗಳನ್ನು ಬಿಚ್ಚಿ ದುರಸ್ತಿ ಮಾಡುವುದು ನನ್ನ ಹವ್ಯಾಸವಾಯಿತು. ಒಂದು ಸಂಜೆ, ಅಕ್ಕಲಕೋಟೆಯ ನಮ್ಮ ಮನೆಯ ಹಳೆಯ ಟಿ.ವಿ.ಯಲ್ಲಿ ಚಿತ್ರವೆಲ್ಲ ಕುಗ್ಗಿ, ನಡುವೆ ಅಡ್ಡಲಾಗಿ ಒಂದೇ ಬಿಳಿ ಗೆರೆ ಉಳಿಯಿತು. “ಭಂಗಾರದವನಿಗಿ ಕೊಟ್ಟುಬಿಡ್ರಿ, ಅಪ್ಪಾ” ಎಂದ ಮಗ. ಆದರೆ ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಅಜ್ಜಿಯ ಮಗ್ಗುಲಲ್ಲಿ ಕುಳಿತು ಕನ್ನಡ ಓದಲು ಕಲಿತದ್ದು ಅದೇ ಪೆಟ್ಟಿಗೆಯ ಚಂದನ ವಾಹಿನಿಯಲ್ಲಿ. ಅಜ್ಜಿ ಈಗಿಲ್ಲ.

ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಮೊದಲು ಅದನ್ನು ಹರಿಯಬಿಟ್ಟೆ. ಭೂತಗನ್ನಡಿ ಹಿಡಿದು ನೋಡಿದರೆ, ಚಿತ್ರವನ್ನು ಮೇಲೆ ಕೆಳಗೆ ಹರಡುವ ಐ.ಸಿ.ಯ ಒಂದು ಕಾಲಿನ ಸುತ್ತ ಬೆಸುಗೆ ಬಿರುಕು ಬಿಟ್ಟಿತ್ತು. ಹೊಸ ಬೆಸುಗೆ ಹಾಕಿದೆ, ಚಿತ್ರ ಅರಳಿತು.

ಪರದೆಯ ಕೆಳಗೆ ಸಾಗುತ್ತಿದ್ದ ವಾರ್ತೆಯ ಸಾಲನ್ನು ಮೊಮ್ಮಗಳು ತಡವರಿಸುತ್ತ ಓದಿದಳು. ಅಜ್ಜಿ ತಿದ್ದುತ್ತಿದ್ದ ಒತ್ತಕ್ಷರವನ್ನು ಆ ದಿನ ನಾನು ತಿದ್ದಿದೆ.