ಸಾಕ್ಸಿಗೆ ಅಂಟಿದ ಉತ್ತರಾಣಿ

ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಖಾಲಿ ಸೈಟನ್ನು ಕ್ಲೀನ್ ಮಾಡಿಸಿ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಮೆಸೇಜ್ ಹಾಕಿದವಳು ನಾನೇ. ಫೋಟೊ ಸಮೇತ. ಮಗಳ ಬಿಳಿ ಸಾಕ್ಸ್ ತುಂಬಾ ಜೀರಿಗೆಯಂಥ ಕಂದು ಬೀಜಗಳು. ಬಾಲ್ ಹುಡುಕೋಕೆ ಅಂತ ಗಿಡಗಳ ಮಧ್ಯೆ ನುಗ್ಗಿದ್ದಳು. ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಅರ್ಧ ಬೀಜ ನನ್ನ ಕುರ್ತಾಗೂ ಬಂದು ಅಂಟಿಕೊಂಡವು. ಸಿಟ್ಟಿನಲ್ಲಿ 'ಹಾವು ಇರಬಹುದು' ಅಂತಲೂ ಸೇರಿಸಿದ್ದೆ. ಹಾವನ್ನು ಯಾರೂ ನೋಡಿರಲಿಲ್ಲ. ಥಂಬ್ಸ್ ಅಪ್ ಮಾತ್ರ ಸಾಲಾಗಿ ಬಂದವು.

ಸಾಕ್ಸ್ ನೋಡಿ ಅಮ್ಮ ನಕ್ಕಳು. "ಉತ್ತರಾಣಿ ಕಣೇ. ನೀನೂ ಲಂಗದ ತುಂಬಾ ಅಂಟಿಸಿಕೊಂಡು ಬರ್ತಿದ್ದೆ, ಮರೆತೆಯಾ?" ಒಂದೊಂದೇ ಬಿಡಿಸಿ ಖಾಲಿ ಕುಂಕುಮದ ಡಬ್ಬಿಗೆ ಹಾಕಿದಳು. ಯಾಕೆ ಅಂತ ನಾನು ಕೇಳಲಿಲ್ಲ, ಮೀಟಿಂಗ್ ಇತ್ತು.

ಮರುದಿನ ಮೊಮ್ಮಗಳಿಗೆ ಸೈಟಿನ ಅಂಚಿನಲ್ಲಿ ಪಾಠವೇ ಆಯಿತು. ಉತ್ತರಾಣಿಯ ಉದ್ದನೆ ತೆನೆಯನ್ನು ಮೇಲಿಂದ ಕೆಳಕ್ಕೆ ಸವರಿದರೆ ನುಣುಪು, ಕೆಳಗಿಂದ ಮೇಲಕ್ಕೆ ಸವರಿದರೆ ಚುಚ್ಚುತ್ತೆ. ಹೂ ಅರಳಿದ ಮೇಲೆ ಕೆಳಮುಖವಾಗಿ ಬಾಗಿ ಕಾಂಡಕ್ಕೆ ಒತ್ತಿಕೊಳ್ಳುತ್ತೆ, ಅದರ ಸುತ್ತಲಿನ ಚೂಪು ಸಿಪ್ಪೆಗಳೇ ಮುಳ್ಳು. ದನವೋ ನಾಯಿಯೋ ಮಗುವೋ ಒರೆಸಿಕೊಂಡು ಹೋದರೆ ಕಾಯಿ ಸಮೇತ ಕಿತ್ತುಕೊಂಡು ಸವಾರಿ ಹೊರಡುತ್ತೆ.

ಅಪ್ಪ ಹೋದ ಮೇಲೆ ತಿಪಟೂರಿನ ಹತ್ತಿರದ ಊರಿಂದ ಅಮ್ಮನನ್ನು ಕರೆದುಕೊಂಡು ಬಂದು ಆರು ತಿಂಗಳಾಗಿತ್ತು. ಲಿಫ್ಟ್ ಅಂದರೆ ಭಯ, ಮೆಟ್ಟಿಲು ಇಳಿದು ಒಬ್ಬಳೇ ಹೋಗುತ್ತಿದ್ದದ್ದು ಆ ಸೈಟಿನವರೆಗೆ ಮಾತ್ರ. ವಾಕಿಂಗ್ ಅಂದುಕೊಂಡಿದ್ದೆ.

ಗಣೇಶನ ಹಬ್ಬಕ್ಕೆ ನಾಲ್ಕು ದಿನ ಮೊದಲು ಜೆಸಿಬಿ ಬಂತು.

ಹಬ್ಬದ ಮರುದಿನ ಬೆಳಗ್ಗೆ ಐದೂವರೆಗೆ ಎದ್ದರೆ ಅಮ್ಮ ಇಲ್ಲ. ಫೋನ್ ಮನೆಯಲ್ಲೇ. ಎದೆ ಹೊಡೆದುಕೊಳ್ಳುತ್ತಾ ಕೆಳಗೆ ಓಡಿದೆ. ಕೆಂಪು ಮಣ್ಣಿನ ಬಯಲಿನ ಮುಂದೆ ಸೆರಗು ಹೊದ್ದು ನಿಂತಿದ್ದಳು.

"ಇವತ್ತು ಋಷಿಪಂಚಮಿ ಅಲ್ವೇನೇ. ಒಂದು ಕಡ್ಡಿ ಸಿಗುತ್ತೇನೋ ಅಂತ ಬಂದೆ. ಆ ಮೂಲೆಲಿ ಎತ್ತರಕ್ಕೆ ಬೆಳೆದಿತ್ತು, ನೋಡಿಟ್ಟಿದ್ದೆ."

ಆ ವ್ರತಕ್ಕೆ ಉತ್ತರಾಣಿ ಕಡ್ಡಿಯಲ್ಲೇ ಹಲ್ಲುಜ್ಜಬೇಕು. ಊರಲ್ಲಿ ಪ್ರತಿ ವರ್ಷ ಹಿಂದಿನ ಸಂಜೆ ಅಪ್ಪನೇ ಕೊಯ್ದು ತಂದು ನೀರಿನ ಚೊಂಬಿನಲ್ಲಿ ನಿಲ್ಲಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಲಿಲ್ಲ. ಗಣೇಶನಿಗೆ ಏರಿಸುವ 21 ಪತ್ರೆಗಳಲ್ಲಿ ಉತ್ತರಾಣಿಯೂ ಒಂದು, ಅಲ್ಲಿ ಅದರ ಹೆಸರು ಅಪಾಮಾರ್ಗ. ಮಾರ್ಕೆಟ್ಟಿನಿಂದ ತಂದ ಪತ್ರೆ ಕಟ್ಟಿನಲ್ಲಿ ಅದಿತ್ತೋ ಇಲ್ಲವೋ, ಬಿಚ್ಚಿ ನೋಡಿದವರು ಯಾರು? ಆಯುರ್ವೇದದವರು ಇದರ ಬೂದಿಯಿಂದ ಕ್ಷಾರ ತೆಗೆದು, ಕಳ್ಳಿ ಹಾಲು, ಅರಿಶಿನದ ಜೊತೆ ದಾರಕ್ಕೆ ಲೇಪಿಸಿ ಭಗಂದರಕ್ಕೆ ಕ್ಷಾರಸೂತ್ರ ಕಟ್ಟುತ್ತಾರಂತೆ. ಇದನ್ನೆಲ್ಲ ಓದಿದ್ದು ಆ ರಾತ್ರಿ, ನಿದ್ದೆ ಬಾರದೆ.

ಮೆಸೇಜ್ ನನ್ನದೇ ಅಂತ ಹೇಳೋಕೆ ಎರಡು ದಿನ ಬೇಕಾಯಿತು. ಅಮ್ಮ ಹುರುಳಿಕಾಯಿ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. "ಮಗುಗೆ ಚುಚ್ಚುತ್ತಲ್ಲ. ನೀನು ಮಾಡಿದ್ದು ಸರಿನೇ ಬಿಡು" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ಸಂಜೆ ಬಾಲ್ಕನಿಯ ಮನಿಪ್ಲಾಂಟ್ ಕುಂಡ ಖಾಲಿಯಾಗಿತ್ತು. ಕುಂಕುಮದ ಡಬ್ಬಿಯೂ. ಕೇಳಿದರೆ, "ಬರೋ ವರ್ಷಕ್ಕೆ ಬೇಕಾಗುತ್ತಲ್ಲ" ಅಂದಳು.

ಈಗ ಕುಂಡದಲ್ಲಿ ಪುಟ್ಟ ಎಲೆಗಳು ಜೋಡಿಜೋಡಿಯಾಗಿ ಎದ್ದಿವೆ. ಉತ್ತರಾಣಿಯೋ ಬೇರೆ ಯಾವುದೋ, ಅಮ್ಮ ಇನ್ನೂ ಹೇಳಿಲ್ಲ. ಮಗಳು ಮಾತ್ರ ಸ್ಕೂಲಿನಿಂದ ಬಂದ ತಕ್ಷಣ ಸಾಕ್ಸ್ ಕೂಡ ಬಿಚ್ಚದೆ ಅಲ್ಲಿಗೆ ಓಡುತ್ತಾಳೆ.